ಇಲ್ಲದ ದೀಪಕ್ಕೂ ಗುಂಡಿ ಒತ್ತಿದ ಅಕ್ಕ

ನಿನ್ನೆ ಕಣ್ಣಾಸ್ಪತ್ರೆಯಲ್ಲಿ ಒಬ್ಬ ಹುಡುಗಿ ನನ್ನ ಹಣೆಗೆ ಎಂಥದೋ ಪೇಸ್ಟು ಹಚ್ಚಿ ಉಜ್ಜಿದಳು. ತಣ್ಣಗಿತ್ತು, ಒಳಗೆ ಸಣ್ಣ ಮರಳು ಬೆರೆಸಿದ ಹಾಗೆ ಚುರುಚುರು ಎನ್ನುತ್ತಿತ್ತು. ಅದರ ಹಿಂದೆಯೇ ಸ್ಪಿರಿಟ್ಟಿನ ಹತ್ತಿ. ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂದುಬಿಟ್ಟಿತು. ಹುಡುಗಿ ಗಾಬರಿಯಾದಳು.

“ಕಚಗುಳಿ ಆಗ್ತಿದ್ಯಾ ಅಜ್ಜಿ?”

“ಇಲ್ಲಮ್ಮ. ಹಳೇ ಕಳ್ಳಿ ಒಬ್ಳು ನೆನಪಾದ್ಲು” ಎಂದೆ.

ಆ ಕಳ್ಳಿಯ ಬಗ್ಗೆ ಬರೆಯೋಣ ಎಂದು ಈಗ ಫೋನು ಹಿಡಿದು ಕೂತಿದ್ದೇನೆ. ಇದರಲ್ಲಿ ಕನ್ನಡ ಒತ್ತುವುದನ್ನು ಸೊಸೆ ಮೊನ್ನೆ ಮೊನ್ನೆ ಕಲಿಸಿದಳು. ನಾನು ಒಂದು ಅಕ್ಷರ ಒತ್ತಿದರೆ ಮುಂದಿನ ಪದವನ್ನು ಫೋನೇ ಹೇಳಿಕೊಡಲು ಬರುತ್ತದೆ. ಬರಲಿ. ಈ ಕತೆ ಅದಕ್ಕೆ ಗೊತ್ತಿಲ್ಲ.

ಆಗ ನಾವು ಭದ್ರಾವತಿಯಲ್ಲಿದ್ದೆವು. ನಮ್ಮ ಮನೆಗೆ ಅಂಟಿಕೊಂಡಂತೆ ಅವಳ ಮನೆ, ನಡುವೆ ಸೊಂಟದೆತ್ತರದ ಗೋಡೆ. ಪಕ್ಕದ ಮನೆ ಅಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದರು. ಅವಳ ಗಂಡ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ನನಗೆ ಭಾವ. ಕುಲುಮೆಯ ಸದ್ದಿಗೆ ಕಿವಿ ಮಂದವಾಗಿತ್ತು, ಆಮೇಲೆ ಸಕ್ಕರೆ ಕಾಯಿಲೆಯೂ ಸೇರಿಕೊಂಡಿತ್ತು. ಅಕ್ಕನ ಮನೆಮಾತು ತಮಿಳು. ನನ್ನ ಹತ್ತಿರ ಶುದ್ಧ ಭದ್ರಾವತಿ ಕನ್ನಡ. ಆದರೆ ಚೌಕಾಬಾರ ಆಡುವಾಗ ಮಾತ್ರ ಮನೆ ಎಣಿಸುವುದು ತಮಿಳಿನಲ್ಲಿ. “ಒಣ್ಣು ರೆಂಡು ಮೂಣು” ಎಂದು ಗಡಗಡ ಎಣಿಸುತ್ತಾ ಕಾಯಿ ನಡೆಸುತ್ತಿದ್ದಳು. ಆ ಗಡಗಡದಲ್ಲಿ ಒಂದು ಮನೆ ಹೆಚ್ಚಿಗೆ ಹೋಗಿಬಿಟ್ಟಿರುತ್ತಿತ್ತು! ಶುರುವಿನಲ್ಲಿ ನಾನು ಅವಳಿಗೆ ‘ನೀವು’ ಎನ್ನುತ್ತಿದ್ದೆ. ಈ ಮೋಸ ಹಿಡಿದ ದಿನದಿಂದ ‘ನೀನು’ ಆಯಿತು.

ನಾನೇನೂ ಸಾಚಾ ಅಲ್ಲ. ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ನನ್ನ ಕಾಯಿಯನ್ನು ಒಂದು ಮನೆ ಮುಂದೆ ತಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಭದ್ರಾವತಿಯಲ್ಲೇ ಇರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು ಮುಗಿದ ಮೇಲೆ ಅವಳ ಮನೆಯ ನಡುಮನೆಯಲ್ಲಿ ಬಳಪದಲ್ಲಿ ಮನೆ ಬರೆದು ಕೂರುತ್ತಿದ್ದೆವು. ನನ್ನ ಕಾಯಿ ಹುಣಸೆಬೀಜ. ಅವಳ ಕಾಯಿ ಹಸಿರು ಬಳೆಚೂರು, ಯಾವ ಕಾಲದ್ದೋ… ಅಂಚುಗಳೆಲ್ಲ ಸವೆದು ನುಣ್ಣಗಾಗಿದ್ದವು. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ. ಅಕ್ಕ ಕಡಿಯುವುದರಲ್ಲಿ ರಾಕ್ಷಸಿ. ನನ್ನ ಕಾಯಿ ಅವಳ ಕಣ್ಣಿಗೆ ಬಿತ್ತೆಂದರೆ ಮುಗಿಯಿತು, ತೊಡೆ ತಟ್ಟಿ ಎತ್ತಿ ಬಿಸಾಕುತ್ತಿದ್ದಳು.

ಅಂಥವಳು ಒಂದು ಮಧ್ಯಾಹ್ನ ನನ್ನ ಕಾಯಿಯನ್ನು ಬಿಟ್ಟಳು.

ಅವಳ ಬಲಗಡೆಯ ಮೂಲೆಮನೆಯಲ್ಲಿ ನನ್ನ ಹುಣಸೆಬೀಜ ಕೂತಿತ್ತು. ಅವಳಿಗೆ ಮೂರು ಬಿದ್ದಿತ್ತು. ಸರಿಯಾಗಿ ಮೂರೇ ಮನೆ. ಕೈ ಎತ್ತುತ್ತಾಳೆ, ತೊಡೆ ತಟ್ಟುತ್ತಾಳೆ ಎಂದು ನಾನು ಹಲ್ಲು ಕಚ್ಚಿಕೊಂಡು ಕಾದೆ. ಅವಳು ಬೇರೆ ಯಾವುದೋ ಕಾಯಿ ನಡೆಸಿ ಕವಡೆಯನ್ನು ನನ್ನ ಕಡೆಗೆ ತಳ್ಳಿದಳು.

“ಏನಕ್ಕಾ, ಇವತ್ತು ನನ್ ಮೇಲೆ ದಯೆ ಬಂದ್ಬಿಡ್ತಾ?”

ಅವಳು ಕತ್ತು ತಿರುಗಿಸಿ ಮೂಲೆ ನೋಡಿದಳು. “ಪಾಪ, ದಿನಾ ಸೋಲ್ತೀಯಲ್ಲ, ಒಂದಿನ ಬದುಕ್ಕೋ ಅಂತ ಬಿಟ್ಟೆ ಮಾರಾಯ್ತಿ” ಎಂದಳು.

ಆ ದಿನ ನಾನು ಗೆದ್ದೆ. ಖುಷಿಯಲ್ಲಿ ಮನೆಗೆ ಬಂದು ಅಕ್ಕಿ ಆರಿಸುತ್ತಾ ಕೂತವಳಿಗೆ ಇದ್ದಕ್ಕಿದ್ದಂತೆ ಕೈ ನಿಂತಿತು. ಆಟದಲ್ಲಿ ಅವಳಿಗೆ ದಯೆಯೇ? ಸ್ವಂತ ಮಗಳ ಕಾಯಿಯನ್ನೇ ಕಡಿದು ಮಗಳು ಅಳುವಾಗ ನಕ್ಕವಳು ಅವಳು.

ಮರುದಿನದಿಂದ ಬೇಕೆಂದೇ ನನ್ನ ಕಾಯಿಗಳನ್ನು ಅವಳ ಬಲಗಡೆ ನಿಲ್ಲಿಸತೊಡಗಿದೆ. ಎಡಗಡೆ ಇಟ್ಟದ್ದನ್ನು ಕಡಿದಳು. ಬಲಗಡೆಯವು ಹಾಗೇ ಉಳಿದವು. ಹಾಗೆ ನೋಡುತ್ತಾ ಹೋದಂತೆ ಬೇರೆಯವೂ ಕಂಡವು. ಬಲಭುಜಕ್ಕೆ ಬಾಗಿಲು ತಾಗಿಸಿಕೊಳ್ಳುತ್ತಿದ್ದಳು. ಬಲಗಡೆ ಇಟ್ಟ ಕಾಫಿ ಲೋಟ ಉರುಳುತ್ತಿತ್ತು. “ಯಾರಿಟ್ರೋ ಇಲ್ಲಿ” ಎಂದು ಭಾವನಿಗೆ ಬೈಗುಳ. ಆ ಬಡಪಾಯಿಗೆ ಅರ್ಧ ಕೇಳಿಸುತ್ತಿರಲಿಲ್ಲ.

“ಅಕ್ಕಾ, ಕಣ್ಣು ತೋರಿಸ್ಕೊಂಡು ಬರೋಣ” ಎಂದೆ.

“ಯಾಕೆ? ಸೋತು ಸೋತು ಹೊಟ್ಟೆಕಿಚ್ಚಾ? ಪಂಚಾಂಗದಾಗಿನ ಸಣ್ಣ ಅಕ್ಷರ ಓದ್ತೀನಿ ಕಣೇ. ನಿಮ್ಮ ಭಾವನ ಸಿರಿಂಜಿನ ಗೀಟು ಕನ್ನಡಕ ಇಲ್ದೆ ಕಾಣುತ್ತೆ.”

ಅದು ಸುಳ್ಳಲ್ಲ. ಭಾವನಿಗೆ ಬೆಳಿಗ್ಗೆ ಸಂಜೆ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚುತ್ತಿದ್ದವಳು ಅವಳೇ. ಕಾದ ಕಬ್ಬಿಣದ ಮುಂದೆ ಅಂಜದೆ ನಿಂತ ಮನುಷ್ಯ ಸೂಜಿ ಕಂಡರೆ ಮುಖ ಗೋಡೆಗೆ ತಿರುಗಿಸುತ್ತಿದ್ದರು. ಕಾಂಪೌಂಡರಿಗೂ ಕೈ ಕೊಡುತ್ತಿರಲಿಲ್ಲ. ಅವಳೇ ಆಗಬೇಕು. ಚುಚ್ಚುವಾಗ ಅವಳು ಏನಾದರೂ ಬೈಯುತ್ತಿರಬೇಕು, ಇಲ್ಲದಿದ್ದರೆ ನೋವಾಗುತ್ತದೆ ಎನ್ನುತ್ತಿದ್ದರು.

ಕೊನೆಗೆ ಶಿವಮೊಗ್ಗದಲ್ಲಿ ಸೀರೆ ನೋಡೋಣ ಎಂದು ಸುಳ್ಳು ಹೇಳಿ ಬಸ್ಸು ಹತ್ತಿಸಿದೆ. ಆಟೋ ಸೀರೆ ಅಂಗಡಿಗೆ ಹೋಗದೆ ಆಲ್ಕೊಳದ ಕಡೆ ತಿರುಗಿ ಕಣ್ಣಾಸ್ಪತ್ರೆಯ ಮುಂದೆ ನಿಂತಾಗ ಅವಳು ಬೈದ ಬೈಗುಳ ತಮಿಳಿನಲ್ಲಿತ್ತು. ಅರ್ಥ ಕೇಳಲಿಲ್ಲ.

ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನ ತನಕ ಓದಿ “ಇನ್ನೂ ಸಣ್ಣದಿದ್ರೆ ತನ್ನಿ” ಎಂದಳು. ಬಲಗಣ್ಣಿಗೆ ಮಾತ್ರ ಸ್ವಲ್ಪ ತಡವರಿಸಿದಳು. ಡಾಕ್ಟರಮ್ಮ ಎಳೆ ವಯಸ್ಸಿನವರು, ಸಮಾಧಾನದ ಹೆಂಗಸು. ಕಣ್ಣಿನ ಪ್ರೆಶರ್ ನೋಡಿದರು, ದೀಪ ಹಾಕಿ ಒಳಗಿನ ನರ ನೋಡಿದರು, ಫೋಟೋ ತೆಗೆಸಿದರು. ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ಏರಿ ನರ ಸವೆಯುತ್ತಾ ಬರುತ್ತದಂತೆ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗೇ ಇರುತ್ತದೆ, ಪಕ್ಕದ್ದು ಸದ್ದಿಲ್ಲದೆ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಎಷ್ಟು ಹೋಗಿದೆ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಬೇಕು ಎಂದರು.

ಆ ಪರೀಕ್ಷೆ ಹೀಗೆ. ಬೋಗುಣಿಯಂಥ ಮಷೀನಿನೊಳಗೆ ಮುಖ ಇಡಬೇಕು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಅಲ್ಲಿ ಇಲ್ಲಿ ಸಣ್ಣ ದೀಪ ಮಿನುಗುತ್ತದೆ. ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಪರದೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿನಿಂದ ಟಿಕ್, ಟಿಕ್, ಟಿಕ್ ಎಂದು ಕೇಳುತ್ತಿತ್ತು. ಗಡಿಯಾರದ ಹಾಗೆ, ಒಂದು ತಾಳ ತಪ್ಪದೆ. ನನಗೆ ಆಗಲೇ ಅನುಮಾನ. ಈ ತಾಳ ನನಗೆ ಗೊತ್ತಿರುವುದೇ. ಒಣ್ಣು, ರೆಂಡು, ಮೂಣು…

ಅವಳು ಹೊರಗೆ ಬಂದಳು, ಮುಖ ಅರಳಿತ್ತು. “ಒಂದೂ ಬಿಡ್ಲಿಲ್ಲ ಕಣೇ!”

ಡಾಕ್ಟರಮ್ಮ ಕಾಗದ ನೋಡಿದರು. ಅವಳ ಮುಖ ನೋಡಿದರು. “ಅಮ್ಮಾ, ಈ ಮಷೀನು ಮಧ್ಯೆ ಮಧ್ಯೆ ದೀಪ ಹಾಕ್ದೆ ಸುಮ್ನಿರುತ್ತೆ. ನೀವು ಆಗ್ಲೂ ಒತ್ತಿದೀರಿ.”

“ಮಷೀನೇ ಮೋಸ ಮಾಡಿದ್ರೆ ನಾನೇನ್ರೀ ಮಾಡ್ಲಿ?”

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಡಾಕ್ಟರಮ್ಮ ಬೈಯಲಿಲ್ಲ. ಸುಧಾರಿಸಿಕೊಂಡು ಇನ್ನೊಮ್ಮೆ ಮಾಡಿ ಎಂದರು. ಇನ್ನೊಮ್ಮೆಯೂ ಅದೇ ತಾಳ. ಕೊನೆಗೆ ಅವರು ಕಾಗದ ಬದಿಗಿಟ್ಟು, “ಇದ್ರಿಂದ ನಂಗೇನೂ ಗೊತ್ತಾಗಲ್ಲ. ಎಡಗಣ್ಣಲ್ಲಿ ಇನ್ನೂ ಎಷ್ಟು ಜೀವ ಇದೆ ಅಂತ ತಿಳೀದೆ ಆಪರೇಷನ್ ಬೇಕೋ ಬೇಡ್ವೋ ಹೇಳಕ್ಕಾಗಲ್ಲ. ಬೇರೆ ಪರೀಕ್ಷೆ ಇದೆ. ಅದ್ರಲ್ಲಿ ನೀವು ಏನೂ ಒತ್ತೋದು ಬೇಡ. ನಿಮ್ಮ ಕಣ್ಣೇ ಹೇಳುತ್ತೆ” ಎಂದರು. ಅದಕ್ಕೆ ಇನ್ನೊಂದು ದಿನ ಗೊತ್ತುಮಾಡಿದರು.

ವಾಪಸ್ಸು ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತುಂಗೆ ದಾಟಿದೆವು. ಆಮೇಲೆ ಅವಳೇ ಬಾಯಿಬಿಟ್ಟಳು.

“ಪರೀಕ್ಷೆ ಫೇಲಾದ್ರೆ ಆಪರೇಷನ್ ಅಂತಾರೆ. ಎದುರುಗಡೆ ಮನೆಯೋರಿಗೆ ಆದಾಗ ನೋಡ್ಲಿಲ್ವಾ? ಬಗ್ಗಂಗಿಲ್ಲ, ಒಲೆ ಮುಂದೆ ನಿಲ್ಲಂಗಿಲ್ಲ, ಕಣ್ಣಿಗೆ ಪಟ್ಟಿ. ನಿಮ್ಮ ಭಾವಂಗೆ ಸೂಜಿ ಯಾರೇ ಚುಚ್ತಾರೆ?”

“ನಾನ್ ಚುಚ್ತೀನಿ ಬಿಡು.”

“ನಿನ್ ಕೈಲಿ ಸೂಜಿ ನೋಡಿದ್ರೆ ಅವ್ರು ಹೊಳೆ ದಾಟಿ ಓಡೋಗ್ತಾರೆ.”

ಇಬ್ಬರೂ ನಕ್ಕೆವು. ಆದರೆ ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದದ್ದು ಭದ್ರಾವತಿ ಬಂದರೂ ಬಿಡಲಿಲ್ಲ. ಮಗಳಿಗೆ ಹೊಳಲೂರಿನಲ್ಲಿ ಅತ್ತೆಮನೆ. ಅತ್ತೆ ಹಾಸಿಗೆ ಹಿಡಿದಿದ್ದರು, ಅವಳನ್ನು ಕರೆಸುವಂತಿರಲಿಲ್ಲ. “ಅವಳಿಗೆ ಹೇಳ್ಬೇಡ” ಎಂದಳು. “ನಿಮ್ಮ ಭಾವಂಗೂ ಹೇಳ್ಬೇಡ.” ಎಡಗಣ್ಣೂ ಹೋದರೆ ಆಮೇಲೆ ಸೂಜಿ ಹೇಗೆ ಚುಚ್ಚುತ್ತೀ ಎಂದು ನಾನು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅವಳಿಗೆ ಅದು ಗೊತ್ತಿಲ್ಲದ ಮಾತೇ?

ಹೊಸ ಪರೀಕ್ಷೆಯ ದಿನ ಭಾವನೂ ಜೊತೆಗೆ ಹೊರಟರು. ಸೀರೆ ನೋಡಲು ಶಿವಮೊಗ್ಗಕ್ಕೆ ಹೋಗಿ ಬರಿಗೈಯಲ್ಲಿ ಬಂದು, ಈಗ ಮತ್ತೆ ಹೊರಟ ಹೆಂಡತಿ ಅವರಿಗೂ ವಿಚಿತ್ರವಾಗಿ ಕಂಡಿರಬೇಕು. ಕಣ್ಣಿನ ವಿಷಯ ಅಷ್ಟಿಷ್ಟು ಹೇಳಿದ್ದೆವು, ಸೂಜಿಯ ವಿಷಯ ಹೇಳಿರಲಿಲ್ಲ.

ಅಕ್ಕ ಆ ಬೆಳಿಗ್ಗೆ ಒಂದು ಘನಕಾರ್ಯ ಮಾಡಿದ್ದಳು. ಕಣ್ಣಿಗೆ ತಂಪಾಗಲಿ, ಪರೀಕ್ಷೆಯಲ್ಲಿ ಚೆನ್ನಾಗಿ ಬರಲಿ ಎಂದು ನೆತ್ತಿಗೆ, ಹಣೆಗೆ, ಕೆನ್ನೆಗೆ, ರೆಪ್ಪೆಗೂ ಹರಳೆಣ್ಣೆ ತಿಕ್ಕಿಕೊಂಡು ಎಣ್ಣೆಸ್ನಾನ ಮಾಡಿ ಬಂದಿದ್ದಳು! ಸೀಗೆಪುಡಿಯಲ್ಲಿ ತೊಳೆದರೆ ಹೋಗುವ ಎಣ್ಣೆಯೇ ಅದು? ಪರೀಕ್ಷೆ ಮಾಡುವ ಹುಡುಗಿ ಹಣೆಗೆ ಒಂದು ಸ್ಟಿಕ್ಕರು ಅಂಟಿಸಿದಳು. ಜಾರಿ ಮೂಗಿನ ಮೇಲೆ ಬಂತು. ಕಣ್ಣಿನ ಪಕ್ಕ ಇನ್ನೊಂದು ಅಂಟಿಸಿದಳು. ಅದು ಕೆನ್ನೆಗೆ ಬಂತು. ಎಲ್ಲಕ್ಕೂ ಉದ್ದುದ್ದ ವೈರು ಬೇರೆ.

“ಏನಮ್ಮ ಹಚ್ಕೊಂಡು ಬಂದಿದೀರಾ?”

“ಪರೀಕ್ಷೆ ಅಂದ್ರಲ್ಲಾ, ಶುದ್ಧವಾಗಿ ಬಂದೆ.”

ಆಗ ಆ ಹುಡುಗಿ ಮರಳುಮರಳಾದ ಪೇಸ್ಟು ತಂದು ಉಜ್ಜಿದಳು, ಸ್ಪಿರಿಟ್ಟು ಒರೆಸಿದಳು, ಮತ್ತೆ ಉಜ್ಜಿದಳು. ಕುಂಕುಮ ಅಳಿಸೀತು ಎಂದು ಅಕ್ಕ ಹಣೆಯನ್ನು ಹಿಂದಕ್ಕೆ ಎಳೆದುಕೊಂಡಳು. ಹುಡುಗಿಗೆ ಅರ್ಥವಾಯಿತು. “ಇರ್ಲಿ ಅಮ್ಮ, ಕುಂಕುಮದ ಮೇಲ್ಗಡೆ ಅಂಟಿಸ್ತೀನಿ” ಎಂದು ಕೂದಲಂಚಿನ ಹತ್ತಿರ ಜಾಗ ಹುಡುಕಿದಳು. ಆಮೇಲೆ ಕೂದಲಿಗಿಂತ ತೆಳ್ಳಗಿನ ಒಂದು ಎಳೆಯನ್ನು ಕೆಳರೆಪ್ಪೆಯ ಅಂಚಿಗೆ ಮೆಲ್ಲಗೆ ಕೂರಿಸಿದಳು.

“ಕರೆಂಟು ಕೊಡ್ತೀರಾ?” ಅಕ್ಕನ ಧ್ವನಿ ಸಣ್ಣದಾಗಿತ್ತು.

“ಕೊಡಲ್ಲಮ್ಮ, ತಗೋತೀವಿ. ನಿಮ್ಮ ಕಣ್ಣಿನ ಹಿಂದೆ ಪರದೆ ಇದೆಯಲ್ಲ, ಏನಾದ್ರೂ ನೋಡಿದಾಗ ಅದ್ರಲ್ಲಿ ಚೂರೇ ಚೂರು ಕರೆಂಟು ಹುಟ್ಟುತ್ತೆ. ಮನೆ ಮೀಟ್ರು ಓದೋರು ಬರ್ತಾರಲ್ಲ, ಹಾಗೆ ಓದ್ಕೊಂಡು ಹೋಗ್ತೀವಿ ಅಷ್ಟೆ.”

“ಓದಿ, ಓದಿ. ನಮ್ಮನೇಲಿ ಯಾವತ್ತೂ ಬಾಕಿ ಇಟ್ಟಿಲ್ಲ.”

ಬಾಯಿ ಬಿಡುವುದಿಲ್ಲ ಎಂಬ ಕರಾರಿನ ಮೇಲೆ ನನ್ನನ್ನೂ ಒಳಗೆ ಮೂಲೆಯಲ್ಲಿ ಕೂರಲು ಬಿಟ್ಟರು. ಫೋನು ಆಫ್ ಮಾಡಿಸಿದರು. ಎದುರಿಗಿನ ಟೀವಿಯಲ್ಲಿ ಕಪ್ಪು ಬಿಳಿ ಚೌಕಗಳು ಬಂದವು. ಕಪ್ಪಿದ್ದದ್ದು ಬಿಳಿ, ಬಿಳಿಯಿದ್ದದ್ದು ಕಪ್ಪು, ಮತ್ತೆ ತಿರುಗಮುರುಗ, ಚಕಚಕ ಚಕಚಕ. ನಡುವೆ ಒಂದು ಕೆಂಪು ಚುಕ್ಕೆ. ಅದನ್ನೇ ನೋಡಬೇಕು, ರೆಪ್ಪೆ ಬಡಿಯಬಾರದು, ಮಾತಾಡಬಾರದು.

ಮಾತಾಡಬಾರದು ಎಂದರೆ ಅಕ್ಕನಿಗೆ ಉಸಿರಾಡಬಾರದು ಎಂದ ಹಾಗೆ. “ಅಯ್ಯೋ, ಚೌಕಾಬಾರದ ಮನೆ ಕಣೇ! ಎಷ್ಟೊಂದು!” ಎಂದಳು. ಹುಡುಗಿಯ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಗೆರೆ ಹಾರಿ ಬಿತ್ತು.

“ಅಮ್ಮಾ, ಮಾತಾಡಿದ್ರೆ ಕೆನ್ನೆ ಅಲ್ಲಾಡುತ್ತೆ. ಕೆನ್ನೇದೂ ಕರೆಂಟು ಸೇರ್ಕೊಳ್ಳುತ್ತೆ. ನಂಗೆ ಕಣ್ಣಿಂದು ಮಾತ್ರ ಬೇಕು. ಅದು ತುಂಬಾ ಸಣ್ಣದು. ಮತ್ತೆ ಮತ್ತೆ ಅಳ್ದು ಒಟ್ಟು ಮಾಡಿದ್ರೇನೇ ಕಾಣೋದು.”

ಮತ್ತೆ ಶುರುಮಾಡಿದರು. ನಾನು ಗೆರೆ ನೋಡುವುದು ಬಿಟ್ಟು ಅವಳನ್ನು ನೋಡಿದೆ. ಕೈಯಲ್ಲಿ ಗುಂಡಿ ಇರಲಿಲ್ಲ. ಆದರೂ ಅವಳ ಹೆಬ್ಬೆರಳು ಕುರ್ಚಿಯ ಕೈ ಮೇಲೆ ಒತ್ತುತ್ತಿತ್ತು… ಒತ್ತುತ್ತಲೇ ಇತ್ತು. ಅದೇ ತಾಳ. ನಾನು ಎಷ್ಟೋ ಮಧ್ಯಾಹ್ನ ಹಿಡಿದು ಜಗಳವಾಡಿದ ಅದೇ ಬೆರಳು. ಚೌಕಗಳು ತಿರುಗುತ್ತಿದ್ದವು, ಅವಳು ಚುಕ್ಕೆ ನೋಡುತ್ತಿದ್ದಳು, ಸ್ವಲ್ಪ ಹೊತ್ತಿಗೆ ಬೆರಳು ನಿಧಾನವಾಯಿತು. ಆಮೇಲೆ ನಿಂತಿತು. ಅಷ್ಟು ವರ್ಷದಲ್ಲಿ ಅವಳು ಮೋಸ ಮಾಡದೆ ಒಂದು ಕಡೆ ಸುಮ್ಮನೆ ಕೂತದ್ದನ್ನು ನಾನು ಅಂದೇ ನೋಡಿದ್ದು. ಯಾಕೋ ನನಗೆ ಅದು ಹಿಡಿಸಲಿಲ್ಲ. ಮಾಡು, ಏನಾದರೂ ಮಾಡು ಎಂದು ಕೂಗಬೇಕೆನ್ನಿಸಿತು.

ಡಾಕ್ಟರಮ್ಮನ ಕೋಣೆಯಲ್ಲಿ ಭಾವನಿಗೂ ಕೇಳಲಿ ಎಂದು ಎಲ್ಲ ಕೂಗಿ ಹೇಳಬೇಕಾಯಿತು. ಹೊರಗಿನ ಬೆಂಚಿನವರೂ ಕೇಳಿಸಿಕೊಂಡರು.

“ಬಲಗಣ್ಣಿಂದು ಗೆರೆ ನೋಡಿ, ಹೆಚ್ಚುಕಮ್ಮಿ ಚಪ್ಪಟೆ. ಅದ್ರಲ್ಲಿ ಉಳ್ದಿರೋದು ತುಂಬಾ ಕಮ್ಮಿ. ಎಡಗಣ್ಣಿಂದು ನೋಡಿ, ಸಣ್ಣ ಅಲೆ ಇದೆ. ಇರ್ಬೇಕಾದಷ್ಟಿಲ್ಲ. ಆದ್ರೆ ಇದೆ.”

“ಪಾಸಾ, ಫೇಲಾ?” ಅಕ್ಕ ಕೇಳಿದಳು.

“ಅಮ್ಮಾ, ಸತ್ತಿರೋದು ಬೇರೆ, ಸುಸ್ತಾಗಿರೋದು ಬೇರೆ. ನಿಮ್ಮ ಎಡಗಣ್ಣಲ್ಲಿ ಸುಸ್ತಾಗಿರೋ ನರದ ಎಳೆಗಳು ಒಂದಷ್ಟಿವೆ. ಪ್ರೆಶರ್ ಇಳ್ಸಿದ್ರೆ ಉಳೀತಾವೆ, ಕೆಲವು ಚೇತರಿಸ್ಕೊಂಡ್ರೂ ಚೇತರಿಸ್ಕೊಳ್ಳಬಹುದು. ಬರೀ ಡ್ರಾಪ್ಸಿಗೆ ಇಳಿಯೋ ಪ್ರೆಶರ್ ಅಲ್ಲ ನಿಮ್ದು. ಆಪರೇಷನ್ ಮಾಡಿಸ್ಕೊಳ್ಳಿ. ತಡ ಮಾಡ್ಬೇಡಿ.”

ಅಕ್ಕ ನೆಲ ನೋಡುತ್ತಾ ಕೂತಳು. “ಮುಂದಿನ ವರ್ಷ ನೋಡಣ” ಎಂದಳು. ಡಾಕ್ಟರಮ್ಮ ಏನೋ ಹೇಳಲು ಹೊರಟರು. ನನಗೆ ತಡೆಯಲಾಗಲಿಲ್ಲ. ಹೇಳಬೇಡ ಎಂದಿದ್ದಳು, ಸರಿ. ಆದರೆ ಅವಳ ಮಾತು ಕೇಳಿದವಳು ನಾನು ಯಾವತ್ತು?

“ಭಾವಾ!” ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ. “ನಿಮಗೆ ಸೂಜಿ ಚುಚ್ಚೋರಿಲ್ಲ ಅಂತ ಇವ್ಳು ಕಣ್ಣು ಕಳ್ಕೊಳ್ಳಕ್ಕೆ ಹೊರಟಿದಾಳೆ! ಪರೀಕ್ಷೇಲಿ ಮೋಸ ಮಾಡಿದ್ದೂ ಅದಕ್ಕೇನೇ!”

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಅಕ್ಕ ನನ್ನ ತೊಡೆ ಚಿವುಟಿದ ಜಾಗ ಎಷ್ಟೋ ದಿನ ನೀಲಿಗಟ್ಟಿತ್ತು. ಭಾವನಿಗೆ ಕೇಳಿಸಿತೋ ಇಲ್ಲವೋ ಎಂದೇ ತಿಳಿಯಲಿಲ್ಲ. ಬಸ್ಸಿನಲ್ಲಿ ಅವಳ ಬಲಗಡೆ ಕೂತುಕೊಂಡರು. ಯಾವಾಗಲೂ ಅವರು ಕೂರುತ್ತಿದ್ದದ್ದು ಎಡಗಡೆ.

ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ಅವರ ದೊಡ್ಡ ಗಂಟಲು ಕೇಳಿತು. “ಏನಮ್ಮಾ, ಬಾ ಇಲ್ಲಿ! ಸಾಕ್ಷಿ ಬೇಕು!”

ಹೋಗಿ ನೋಡಿದರೆ ಭಾವ ಮಣೆಯ ಮೇಲೆ ಅಂಗಿ ಎತ್ತಿಕೊಂಡು ಕೂತಿದ್ದಾರೆ. ಕೈಯಲ್ಲಿ ಸಿರಿಂಜು. ಹಣೆಯ ತುಂಬ ಬೆವರು, ಕುಲುಮೆಯ ಮುಂದೆ ನಿಂತಾಗಲೂ ಅಷ್ಟು ಬೆವರಿರಲಿಕ್ಕಿಲ್ಲ. ಅಕ್ಕ ಎದುರಿಗೆ ನಿಂತು, “ಅಷ್ಟಲ್ಲ ಕಣ್ರೀ, ಗೀಟು ನೋಡಿ, ಗೀಟು! ಹೊಟ್ಟೆ ಚರ್ಮ ಎತ್ತಿ ಹಿಡೀರಿ… ಹಾಳಾದೋರೇ, ಕಣ್ಣು ಮುಚ್ಕೊಂಡು ಚುಚ್ತಾರಾ ಯಾರಾದ್ರೂ?” ಎನ್ನುತ್ತಿದ್ದಳು.

“ನೀನು ಬೈತಾ ಇರು” ಎಂದರು ಭಾವ. ಕಣ್ಣು ಬಿಟ್ಟರು. ಚುಚ್ಚಿಕೊಂಡರು. ಆಮೇಲೆ ಸಿರಿಂಜು ಕೆಳಗಿಟ್ಟು, ಏನೂ ಆಗಿಲ್ಲವೆಂಬಂತೆ, “ಯಾವತ್ತಂತೆ ಆಪರೇಷನ್ನು?” ಎಂದರು.

ಅಕ್ಕ ಅಡುಗೆಮನೆಗೆ ಹೋದಳು. ಒಗ್ಗರಣೆಯ ಹೊಗೆ ಕಣ್ಣಿಗೆ ಹೋಯಿತು ಎಂದು ಮೂಗು ಒರೆಸುತ್ತಾ ಬಂದಳು. ಒಲೆಯ ಮೇಲೆ ಹಾಲಿತ್ತು, ಒಗ್ಗರಣೆ ಇರಲಿಲ್ಲ.

ಆಪರೇಷನ್ ಆಯಿತು. ಕಣ್ಣಿನ ನೀರು ಹರಿದುಹೋಗಲು ಸಣ್ಣ ದಾರಿ ಮಾಡಿದರಂತೆ. ಬಗ್ಗಂಗಿಲ್ಲ, ಒಲೆ ಮುಂದೆ ನಿಲ್ಲಂಗಿಲ್ಲ, ಎಲ್ಲ ಅವಳು ಹೇಳಿದ ಹಾಗೇ. ಅಡುಗೆ ನಮ್ಮ ಮನೆಯಿಂದ ಗೋಡೆ ದಾಟಿ ಹೋಗುತ್ತಿತ್ತು. ಪಟ್ಟಿ ಕಟ್ಟಿಕೊಂಡು ಒರಗಿ ಕೂತು ಅವಳು ಹೊತ್ತು ಹೊತ್ತಿಗೆ ಭಾವನನ್ನು ಬೈಯುತ್ತಿದ್ದಳು, ಅವರು ಚುಚ್ಚಿಕೊಳ್ಳುತ್ತಿದ್ದರು. ಕೆಲವು ತಿಂಗಳ ಮೇಲೆ ಮತ್ತೆ ಆ ಕರೆಂಟಿನ ಪರೀಕ್ಷೆಗೆ ಹೋದೆವು. ಈ ಸಲ ಎಣ್ಣೆ ಹಚ್ಚಿರಲಿಲ್ಲ. ಎಡಗಣ್ಣಿನ ಅಲೆ ಮೊದಲಿಗಿಂತ ತುಸು ಎದ್ದಿತ್ತು.

“ಪಾಸಾ?”

ಡಾಕ್ಟರಮ್ಮ ನಕ್ಕರು. “ಜಸ್ಟ್ ಪಾಸ್ ಅಮ್ಮ.”

“ಸಾಕು. ನಮ್ಮ ವಂಶದಲ್ಲಿ ಅದಕ್ಕಿಂತ ಹೆಚ್ಚು ಯಾರೂ ತಗೊಂಡಿಲ್ಲ” ಎಂದಳು.

ಆಮೇಲಿನ ಮಧ್ಯಾಹ್ನಗಳಲ್ಲಿ ಆಟ ಮತ್ತೆ ಶುರುವಾಯಿತು. ಹೋದದ್ದು ಬರಲಿಲ್ಲ, ಬಲಗಡೆ ಕತ್ತಲೆಯೇ. ಅದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಳು. ಪ್ರತಿ ಸಲ ಕವಡೆ ಹಾಕುವ ಮುಂಚೆ ಕೋಳಿಯ ಹಾಗೆ ಕತ್ತು ಕೊಂಕಿಸಿ, ಎಡಗಣ್ಣನ್ನು ಮನೆಮನೆಗೂ ಸುತ್ತಿಸಿ, ಬಲಮೂಲೆಯ ತನಕ ತರುವುದು. ಮುಂಚೆ ಕಾಣದಿದ್ದ ನನ್ನ ಸೆರಗಿನ ಆಟವೂ ಈಗ ಅವಳಿಗೆ ಕಾಣತೊಡಗಿತು! “ಹಿಡಿದೆ! ಕೈ ಎತ್ತು!” ಎಂದು ಅವಳು ಕೂಗಿದರೆ ಭಾವ ಒಳಗಿನಿಂದ, “ಯಾರ್ನ ಹಿಡಿದೆ?” ಎನ್ನುತ್ತಿದ್ದರು.

ಭಾವ ಮೊದಲು ಹೋದರು. ಕೊನೆಯ ತನಕ ಅವರ ಸೂಜಿ ಅವರೇ ಚುಚ್ಚಿಕೊಂಡರು. ಆಮೇಲೆ ನನ್ನ ಮಗನಿಗೆ ಶಿವಮೊಗ್ಗಕ್ಕೆ ವರ್ಗವಾಗಿ ನಾವು ವಿನೋಬನಗರಕ್ಕೆ ಬಂದೆವು. ಸಾಮಾನಿನ ಲಾರಿ ಹೊರಡುವಾಗ ಅಕ್ಕ ಗೋಡೆಯ ಮೇಲಿಂದ ಒಂದು ಗಂಟು ಹಾಕಿದ ಕರವಸ್ತ್ರ ಕೊಟ್ಟಳು. ಒಳಗೆ ಹಸಿರು ಬಳೆಚೂರುಗಳು.

“ನಿನಗೆ ಕಾಯಿ ಬೇಡ್ವಾ?” ಎಂದೆ.

“ನಾನಿನ್ಯಾರ ಜೊತೆ ಆಡ್ಲಿ? ಸೊಸೆಗೆ ಕಲಿಸು. ಆಟ ಅಲ್ಲ, ಮೋಸ. ಆಟ ಎಲ್ರಿಗೂ ಬರುತ್ತೆ.”

ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ ಭದ್ರಾವತಿ… ಆದರೂ ನಾನು ಹೋದದ್ದು ಕಡಿಮೆ. ಹೋದಾಗಲೆಲ್ಲ ನೆಲದ ಮೇಲೆ ಮನೆ ಬರೆದು ಅವಳು ಹುಣಸೆಬೀಜದಲ್ಲೇ ಆಡಿದಳು. ಒಂದು ಬೆಳಿಗ್ಗೆ ಅವಳ ಮಗಳು ಫೋನು ಮಾಡಿ ಹೇಳಿದಳು. ಹಾಲು ಕಾಯಿಸಿ, ಇಳಿಸಿ, ಗೋಡೆಗೆ ಒರಗಿ ಕೂತವಳು ಏಳಲಿಲ್ಲವಂತೆ. ಹಿಂದಿನ ದಿನ ಪಂಚಾಂಗ ಓದಿದ್ದಳಂತೆ, ಸಣ್ಣ ಅಕ್ಷರ.

ಈಗ ನನ್ನ ಕತೆ. ಹೋದ ವಾರ ಸೊಸೆಯ ಜೊತೆ ಆಡುತ್ತಿದ್ದೆ. ನನಗೆ ಮೂರು ಬಿತ್ತು. ನಡೆಸಿ ಕವಡೆ ತಳ್ಳಿದೆ. ಅವಳು ನನ್ನ ಮುಖ ನೋಡಿದಳು. “ಏನತ್ತೆ, ಕಡೀಲೇ ಇಲ್ಲ? ದಯೆ ಬಂದ್ಬಿಡ್ತಾ?”

ಬಳಪದ ಗೆರೆಗಳ ಮೇಲೆ ನನ್ನ ಕೈ ಹಾಗೇ ನಿಂತಿತು. “ಹೌದು ಕಣೇ, ಪಾಪ ಅಂತ ಬಿಟ್ಟೆ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ಆಟೋ ಕರಿ. ಕಣ್ಣಾಸ್ಪತ್ರೆಗೆ ಹೋಗಣ” ಎಂದೆ.

ಪರೀಕ್ಷೆಗೆ ನಿನ್ನೆಯ ದಿನ ಕೊಟ್ಟಿದ್ದರು. ಅದೇ ಬೋಗುಣಿಯೊಳಗೆ ಮುಖ ಇಟ್ಟೆ. ಕೈಗೆ ಗುಂಡಿ ಕೊಟ್ಟರು. ನಡುವಿನ ಚುಕ್ಕೆ ನೋಡುತ್ತಾ ಕೂತರೆ ಎಷ್ಟು ಹೊತ್ತು ಏನೂ ಕಾಣುವುದೇ ಇಲ್ಲ ಗೊತ್ತೇ? ಆ ಹೊತ್ತಿನಲ್ಲಿ ಹೆಬ್ಬೆರಳು ತುರಿಸುತ್ತದೆ. ಒತ್ತಿಬಿಡೋಣ, ಇಲ್ಲೆಲ್ಲೋ ದೀಪ ಬಂದಿರಲೇಬೇಕು ಎನ್ನಿಸುತ್ತದೆ. ಅಕ್ಕನ ಮೇಲೆ ನಾನು ಅಷ್ಟು ನಕ್ಕಿದ್ದೆನಲ್ಲ, ಆ ಕತ್ತಲೆ ಅವಳಿಗೆ ಹೇಗಿತ್ತೆಂದು ನಿನ್ನೆಯೇ ತಿಳಿದದ್ದು. ಅವಳು ‘ಹಿಡಿದೆ!’ ಎಂದು ಕೂಗುವುದೊಂದು ಬಾಕಿ, ಪಕ್ಕದಲ್ಲೇ ಕೂತು ನನ್ನ ಬೆರಳನ್ನೇ ನೋಡುತ್ತಿದ್ದ ಹಾಗಿತ್ತು. ಕಂಡದ್ದಕ್ಕೆ ಒತ್ತಿದೆ. ಕಾಣದ್ದಕ್ಕೆ ಒತ್ತಲಿಲ್ಲ. ಆಮೇಲೆ ಮರಳಿನ ಪೇಸ್ಟು, ವೈರು, ತಿರುಗಮುರುಗಾಗುವ ಚೌಕಗಳು. ಡಾಕ್ಟರಮ್ಮ ಈಗ ಬೇರೆಯವರು. ಬೇಗ ಬಂದಿರಿ ಅಜ್ಜಿ, ಡ್ರಾಪ್ಸಿನಲ್ಲೇ ಹಿಡಿದಿಡಬಹುದು ಎಂದರು. ಹೋಗಿರುವ ಮೂಲೆ ಹೋಗಿದೆ.

ಇದನ್ನು ಹೇಳಿಕೊಂಡು ನಗಬೇಕಾದವಳು ಒಬ್ಬಳೇ. ಅವಳೇ ಇಲ್ಲ. ನನ್ನ ಕತೆಗೆ ಸರಿಯಾದ ಜಾಗದಲ್ಲಿ ಬೈಯುವವರು ಈಗ ಯಾರೂ ಇಲ್ಲ.

ಇವತ್ತು ಮಧ್ಯಾಹ್ನ ಮನೆ ಬರೆದು ಕರವಸ್ತ್ರ ಬಿಚ್ಚಿದೆ. ಹಸಿರು ಚೂರುಗಳನ್ನು ಸೊಸೆಯ ಕಡೆ ಇಟ್ಟೆ.

“ಇವು ನಿಮ್ಮ ಡಬ್ಬೀಲಿದ್ದೋವಲ್ವಾ ಅತ್ತೆ? ಮುಟ್ಟಕ್ಕೇ ಬಿಡ್ತಿರ್ಲಿಲ್ಲ.”

“ಇನ್ಮೇಲೆ ನಿನ್ನವು. ಆಡು. ಕಳ್ಳ ಕಾಯಿ ಅವು, ಹುಷಾರು.”

ಅವಳು ಕವಡೆ ಹಾಕಿದಳು. ನಾನು ಹಾಕಿದೆ. ಆಟ ಸ್ವಲ್ಪ ಸಾಗಿದ ಮೇಲೆ ನನಗೆ ಎರಡು ಬಿತ್ತು. ಕಾಯಿ ಎತ್ತಲು ಹೋದವಳು ನಿಂತೆ. ಕತ್ತು ಕೊಂಕಿಸಿದೆ, ಕೋಳಿಯ ಹಾಗೆ. ಒಂದೊಂದೇ ಮನೆ ದಾಟಿಕೊಂಡು ಕಣ್ಣನ್ನು ಮೂಲೆಯ ತನಕ ತಂದೆ.

ಅಲ್ಲಿತ್ತು, ಹಸಿರು ಬಳೆಚೂರು. ಇಷ್ಟು ಹೊತ್ತೂ ಅಲ್ಲೇ ಇತ್ತು.

ಕಡಿಯಬಹುದಿತ್ತು. ಸೊಸೆ ಕಾಯುತ್ತಿದ್ದಳು. ನಾನು ಬೇರೆ ಕಾಯಿ ನಡೆಸಿ ಕವಡೆಯನ್ನು ಅವಳ ಕಡೆಗೆ ತಳ್ಳಿದೆ.

“ಅತ್ತೆ, ಕಾಣ್ಲಿಲ್ವಾ?”

“ಕಾಣ್ತು” ಎಂದೆ.